ಅಡುಗೆಮನೆ ಬಾಗಿಲಿಗೆ ಅಳತೆ ಮಾಡಿದ ಸೌಂಡ್

ಹೋದ ತಿಂಗಳು ಒಂದು ಶನಿವಾರ, ಸಿನಿಮಾ ಅರ್ಧಕ್ಕೆ ಬಂದಾಗ ನಮ್ಮ ಹೋಮ್ ಥಿಯೇಟರ್ ಮೂಕವಾಯಿತು. ಹೀರೋ ಬಾಯಿ ಆಡಿಸುತ್ತಿದ್ದಾನೆ, ದನಿ ಮಾತ್ರ ಇಲ್ಲ.

ಆಫ್ ಮಾಡಿ ಆನ್ ಮಾಡಿದೆ, ಬಂತು. ಹತ್ತು ನಿಮಿಷಕ್ಕೆ ಮತ್ತೆ ಹೋಯಿತು.

ಜರ್ಮನಿಯ ಯೇನಾ ಊರಲ್ಲಿ ನಮ್ಮದು ಬಾಡಿಗೆ ಮನೆ, ಮೂರನೇ ಮಹಡಿ. ಹಾಲ್‌ನಲ್ಲಿ ಐದು ಸ್ಪೀಕರ್, ಎರಡು ಪೆಟ್ಟಿಗೆ. ಒಂದು ಪ್ರೊಸೆಸರ್, ಯಾವ ಸ್ಪೀಕರ್‌ನಿಂದ ಎಷ್ಟು ಸೌಂಡ್ ಬರಬೇಕು ಅಂತ ತೀರ್ಮಾನಿಸುವುದು. ಇನ್ನೊಂದು ಆಂಪ್ಲಿಫೈಯರ್, ಆ ಸೌಂಡಿಗೆ ಬಲ ಕೊಡುವುದು.

ಎರಡಕ್ಕೂ ಹನ್ನೊಂದು ವರ್ಷ ವಯಸ್ಸು. ಈ ವರ್ಷ ಎರಡರಲ್ಲಿ ಒಂದನ್ನು ಬದಲಿಸುವುದು ಅಂತ ಮನೆಯಲ್ಲಿ ಒಪ್ಪಿಗೆಯಾಗಿತ್ತು.

ಯಾವುದನ್ನು ಅಂತ ಕೇಳಲು ಗೆಳೆಯ ಸಂತೋಷನನ್ನು ಕರೆದೆ. ಬೆಳಗಾವಿಯವನು, ಇಲ್ಲೇ ಇಂಜಿನಿಯರ್. ಬಂದವನು ಚಹಾ ಮುಗಿಯುವ ಮೊದಲೇ ತೀರ್ಪು ಕೊಟ್ಟ.

"ಪ್ರೊಸೆಸರ್ ಸತ್ತೈತಲೇ. ಇಷ್ಟ ಹೇಳಾಕ ನನ್ನ ಯಾಕ ಕರದಿ?"

ನಾನು ಆಂಪ್ಲಿಫೈಯರ್ ತಗೊಳ್ಳುತ್ತೇನೆ ಅಂದೆ. ಪವರ್ ಸಾಲುತ್ತಿಲ್ಲ ಅಂದೆ. ಒಂದು ಚಾನೆಲ್ ಗುಂಯ್ ಅನ್ನುತ್ತದೆ ಅಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಆ ಎಡವಟ್ಟ ನಾನೇ.

"ಹೊಸಾ ಪ್ರೊಸೆಸರ್ ಹಾಕಿ ಅಳತಿ ಮಾಡಿದ್ರ ಸೌಂಡರ ನೆಟ್ಟಗಾಗ್ತೈತಿ. ನಿಮ್ಮನ್ಯಾಗ ಮಾತೆಲ್ಲಾ ಅಡಗಿಮನೀಗೆ ಹೊಂಟಿರ್ತಾವ," ಅಂತ ಬೈದು ಎದ್ದು ಹೋದ.

ಅವನು ಹೇಳಿದ್ದು ನಿಜ. ಮಾತು ಅಡುಗೆಮನೆಗೇ ಹೋಗುತ್ತಿತ್ತು. ಕಳಿಸಿದವನು ನಾನು.

ನನ್ನ ಹೆಂಡತಿ ವೀಣಾಳ ತಾಯಿ, ನಮ್ಮ ಅತ್ತಿ, ಗದಗಿನಿಂದ ಪ್ರತಿ ಬೇಸಿಗೆಗೆ ಮೂರು ತಿಂಗಳ ವೀಸಾದ ಮೇಲೆ ಬರುತ್ತಿದ್ದರು. ಸಿನಿಮಾ ಅಂದರೆ ಅವರಿಗೆ ಜೀವ. ಆದರೆ ಸೋಫಾದ ಮೇಲೆ ಮಾತ್ರ ಕೂರುವವರಲ್ಲ.

"ಅಳಿಯಾರ ಸರಿಸಮ ಹೆಂಗ ಕುಂದರ್ಲಿ?" ಅನ್ನುತ್ತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂರುವುದು. ನಾನು ಎಷ್ಟು ಹೇಳಿದರೂ ಅಷ್ಟೇ. ಜರ್ಮನಿಯಾದರೇನು, ಅಳಿಯ ಅಳಿಯನೇ.

ಅವರಿಗೆ ಕಿವಿ ಸ್ವಲ್ಪ ಮಂದ. ಆ ಮೂಲೆಗೆ ಮಾತು ಮುಟ್ಟುತ್ತಿರಲಿಲ್ಲ. ಮೊದಮೊದಲು "ಏನಂದಾ ಅಂವಾ?" ಅಂತ ಮಗಳನ್ನು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು. ನಾವು ನಕ್ಕಾಗ ನಮ್ಮ ಮುಖ ನೋಡಿ ಅವರೂ ನಗುತ್ತಿದ್ದರು.

ಅದನ್ನು ಗಮನಿಸಿದ ದಿನ ನನಗೆ ಬಹಳ ಸಂಕಟವಾಯಿತು.

ಮರುದಿನ ತಾಯಿ ಮಗಳು ಅಂಗಡಿಗೆ ಹೋದಾಗ ಪ್ರೊಸೆಸರ್ ಜೊತೆ ಬಂದಿದ್ದ ಮೈಕ್ ಹೊರಗೆ ತೆಗೆದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ... ಈ ಮೈಕನ್ನು ನಾವು ಕೂರುವ ಜಾಗದಲ್ಲಿಡಬೇಕು. ಸ್ಪೀಕರ್‌ಗಳು ಒಂದೊಂದಾಗಿ ಕೂಗುತ್ತವೆ, ಪ್ರೊಸೆಸರ್ ಅಳೆದು ಆ ಜಾಗಕ್ಕೆ ಸೌಂಡ್ ಹೊಂದಿಸುತ್ತದೆ.

ಎಲ್ಲರೂ ಸೋಫಾದ ಮೇಲಿಡುತ್ತಾರೆ. ನಾನು ಅತ್ತಿಯ ಮಣೆಯ ಮೇಲೆ ಒಂದರ ಮೇಲೊಂದು ಡಬ್ಬಿ ಪೇರಿಸಿ, ಅವರ ಕಿವಿಯ ಎತ್ತರಕ್ಕೆ ಇಟ್ಟೆ. ಮಧ್ಯಾಹ್ನ ಒಂದು ಗಂಟೆಗೆ ರೂಹೆತ್ಸೈಟ್, ಇಲ್ಲಿನವರ ವಿಶ್ರಾಂತಿಯ ಹೊತ್ತು, ಆಮೇಲೆ ಸದ್ದು ಮಾಡುವಂತಿಲ್ಲ. ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟುವ ಮೊದಲು ಗಡಿಬಿಡಿಯಲ್ಲಿ ಮುಗಿಸಿದೆ.

ಅವತ್ತು ಸಂಜೆ ಅತ್ತಿ ನಮಗಿಂತ ಮೊದಲು ನಕ್ಕರು.

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಾಚಿಕೊಂಡು ಅಲ್ಲಿ ಕೂರುವುದನ್ನೂ ಬಿಡುತ್ತಿದ್ದರು. ಸೋಫಾದಲ್ಲಿ ಕೂತವರಿಗೆ ಒಂದು ಸ್ಪೀಕರ್ ಕಿರುಚುತ್ತಿತ್ತು, ಇನ್ನೊಂದು ಗೊಣಗುತ್ತಿತ್ತು. ಮನೆಗೆ ಬಂದವರೆಲ್ಲ ಆಡಿಕೊಂಡರು, ಆಡಿಕೊಳ್ಳಲಿ ಅಂತ ಸುಮ್ಮನಿದ್ದೆ.

ಆ ಬೇಸಿಗೆಗಳನ್ನು ನೆನೆದರೆ ಈಗಲೂ... ರಾತ್ರಿ ಒಂಬತ್ತು ಗಂಟೆಯಾದರೂ ಹೊರಗೆ ಬೆಳಕು, ಪರದೆ ಎಳೆದರೂ ಟಿವಿ ಸರಿಯಾಗಿ ಕಾಣದು. ವೀಣಾ ಕಾಲು ಮಡಚಿಕೊಂಡು ಸೋಫಾದಲ್ಲಿ. ಬಾಗಿಲಲ್ಲಿ ಶೇಂಗಾ ಬಿಡಿಸುತ್ತ ಅತ್ತಿ, ಖಳನಾಯಕ ಬಂದಾಗಲೆಲ್ಲ ಅವನಿಗೊಂದು ಗದಗಿನ ಬೈಗುಳ. ಅಷ್ಟು ಖುಷಿಯಿಂದ ನಾನು ಮತ್ತೆಲ್ಲೂ ಸಿನಿಮಾ ನೋಡಿಲ್ಲ.

ಎರಡು ವರ್ಷದ ಹಿಂದೆ ಅತ್ತಿ ತೀರಿಕೊಂಡರು. ಅಳತೆ ಹಾಗೇ ಉಳಿಯಿತು. ಅಳಿಸಲು ಕೈ ಬರಲಿಲ್ಲ.

ಆಂಪ್ಲಿಫೈಯರ್ ಬದಲಿಸಿದರೆ ಆ ಅಳತೆ ಇರುತ್ತದೆ. ಪ್ರೊಸೆಸರ್ ಬದಲಿಸಿದರೆ ಅದರ ಜೊತೆಗೇ ಹೋಗುತ್ತದೆ, ಹೊಸದಕ್ಕೆ ನಕಲು ಮಾಡಲು ಬರುವುದಿಲ್ಲ. ಇದನ್ನು ಸಂತೋಷನಿಗೆ ಯಾವ ಬಾಯಿಂದ ಹೇಳಲಿ?

ಅವನು ಹೋದ ಮೇಲೆ ವೀಣಾ ಎದುರು ಬಂದು ಕೂತಳು. "ಖರೇ ಹೇಳ್ರಿ, ಯಾಕಿಷ್ಟ ಹಟಾ?"

ಎಲ್ಲವನ್ನೂ ಹೇಳಿದೆ.

ಅವಳು ನಗತೊಡಗಿದಳು, ಕಣ್ಣಲ್ಲಿ ನೀರು.

"ಅವ್ವ ಕಡೀ ಸಲ ಬಂದಾಗ ನನಗ ಹೇಳಿದ್ಲ್ರಿ. 'ಪಾಪ, ಅಳಿಯಾರ ಪೆಟ್ಟಿಗಿ ಕೆಟ್ಟೈತಿ. ಮಾತೆಲ್ಲಾ ನನ್ನ ಕಡೇನ ಬರತಾವ, ಅವರಿಗೇನೂ ಕೇಳಸೂದಿಲ್ಲ. ಅವರ ಮುಂದ ಅನಬ್ಯಾಡ, ಮನಸಿಗೆ ಹಚಗೊಂತಾರ. ನಾ ಊರಿಗೆ ಹೋದ ಮ್ಯಾಲ ಒಂದ ಹೊಸಾದ ತಗೋರಿ. ಈಗ ಬ್ಯಾಡ, ನನಗ ಛಲೋ ಕೇಳಸಾಕತ್ತೈತಿ' ಅಂದ್ಲು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ಅತ್ತೆವು. ಇಷ್ಟು ವರ್ಷ ಒಬ್ಬರ ಮನಸ್ಸನ್ನು ಒಬ್ಬರು ಕಾಯುತ್ತ ಬಾಯಿ ಮುಚ್ಚಿಕೊಂಡಿದ್ದೆವಲ್ಲ, ಎಂಥ ಜನ ನಾವು ಅನ್ನಿಸಿತು.

ಹೋದ ಶನಿವಾರ ಹೊಸ ಪ್ರೊಸೆಸರ್ ಬಂತು. ಹಳೆಯದನ್ನು ನೆಲಮಾಳಿಗೆಯ ಕೆಲ್ಲರ್‌ಗೆ ಇಳಿಸಿದೆ, ಬಿಸಾಡಲಿಲ್ಲ. ಮೈಕ್ ಸೋಫಾದ ಮೇಲಿಟ್ಟೆ. ಬಟನ್ ಒತ್ತಲು ನನ್ನಿಂದಾಗಲಿಲ್ಲ, ವೀಣಾ ಒತ್ತಿದಳು.

ಈಗ ಸೋಫಾದಲ್ಲಿ ಪ್ರತಿ ಮಾತೂ ಸ್ಪಷ್ಟವಾಗಿ ಕೇಳುತ್ತದೆ... ಅಡುಗೆಮನೆ ಬಾಗಿಲಲ್ಲಿ ಏನೂ ಕೇಳುವುದಿಲ್ಲ, ನನಗೆ ಇನ್ನೂ ರೂಢಿಯಾಗಿಲ್ಲ.