ಗಾಡಿಯ ಉಡಿ

ಡಾಕ್ಟರಬಾಯಿಯ ಎರಡು ಕೈಗಳ ಬಣ್ಣ ಒಂದೇ ಆಗಿರಲಿಲ್ಲ. ಎಡಗೈ ಗೋಧಿ ಬಣ್ಣ. ಬಲಗೈ ಮೊಣಕೈಯಿಂದ ಕೆಳಗೆ ಹಳೆಯ ಬೆಲ್ಲದ ಬಣ್ಣ. ಗಾಡಿ ಓಡಿಸುವಾಗ ಬಲ ಮೊಣಕೈಯನ್ನು ಬಾಗಿಲಿನ ಹೊರಗೆ ಚಾಚಿಕೊಂಡೇ ಇರುತ್ತಿದ್ದರು. ಆ ಬಾಗಿಲೂ ನಡು ಕಡೆ ತಗ್ಗಾಗಿ, ಕೈ ಇಡಲೆಂದೇ ಕತ್ತರಿಸಿದ ಹಾಗಿತ್ತು. ಮುಂಬಯಿಯ ಬಿಸಿಲೆಲ್ಲ ಆ ಒಂದು ಕೈಯ ಮೇಲೆ ಬೀಳುತ್ತಿತ್ತು. ನಮ್ಮ ಕಟ್ಟಡದ ಹೆಂಗಸರು ನಕ್ಕರೆ, “ಇದು ಹೊರಗಿನ ಕೈ, ಇದು ಮನಿ ಕೈ” ಎಂದು ಎರಡನ್ನೂ ಜೋಡಿಸಿ ತೋರಿಸುತ್ತಿದ್ದರು.

ಗಾಡಿ ಇಂಗ್ಲೆಂಡಿನದು, ಯುದ್ಧಕ್ಕಿಂತ ಮೊದಲಿನದು. ಎರಡೇ ಸೀಟು, ಉದ್ದ ಮೂತಿ, ತಂತಿಯ ಚಕ್ರ. ಊರಿಗೆ ಮರಳುತ್ತಿದ್ದ ಒಬ್ಬ ಇಂಗ್ಲಿಷರವನಿಂದ ಅವರ ಯಜಮಾನರು ಅದನ್ನು ಕೊಂಡಿದ್ದರು. ಹುಚ್ಚು ವೇಗದಲ್ಲಿ ಓಡಲೆಂದು ಮಾಡಿದ ಗಾಡಿ. ಅವರು ವಿಷಮಶೀತಜ್ವರದಲ್ಲಿ ತೀರಿಹೋದ ಮೇಲೆ, ಬಿಳಿ ಸೀರೆ ಉಟ್ಟ ಧಾರವಾಡದ ಈ ಹೆಂಗಸು ಅದರಲ್ಲಿ ಕುಳಿತು ದಾದರಿನಿಂದ ಮಲಾಡಿನವರೆಗೂ ಹೆರಿಗೆ ಮಾಡಿಸಲು ಹೋಗತೊಡಗಿದರು. ಗಾಡಿಯ ಹಿಂದೆ ಮಕ್ಕಳು ಓಡುತ್ತಿದ್ದವು. ಒಬ್ಬರೇ ಹೋಗುವುದು ಚೆಂದವಲ್ಲ ಎಂದು ನನ್ನ ತಾಯಿ ನನ್ನನ್ನು ಜೊತೆಗೆ ಕೂರಿಸುತ್ತಿದ್ದಳು. ನಾನು ಆಗ ಬಿ.ಎ. ಮುಗಿಸಿ ಎಂ.ಎ.ಗೆ ಸೇರಿದ್ದ ಹುಡುಗಿ. ಎಡಗಡೆಯ ಸೀಟು, ಮಡಿಲಲ್ಲಿ ಅವರ ಚರ್ಮದ ಚೀಲ. ಓದಿನ ಪುಸ್ತಕ ಬಿಚ್ಚಲು ಗಾಳಿ ಬಿಡುತ್ತಿರಲಿಲ್ಲ.

“ಕೂಸು ಪಂಚಾಂಗ ನೋಡಿ ಬರೂದಿಲ್ಲವ್ವಾ,” ಎನ್ನುತ್ತಿದ್ದರು. “ನಾವು ಓಡಿ ಹೋಗಬೇಕು.”

ಓಡಿಹೋಗುವುದೇ ಅವರ ಧರ್ಮವಾಗಿತ್ತು. ಆ ಓಟವೇ ಒಂದು ದಿನ ಗಾಡಿಯ ಎಂಜಿನ್ನನ್ನು ಕೊಂದಿತು.

ಮಲಾಡಿನಲ್ಲಿ ಬಿಜಾಪುರದ ಕಡೆಯ ಒಂದು ಮನೆ. ಸೊಸೆಗೆ ಚೊಚ್ಚಲ ಹೆರಿಗೆ. ಕರೆ ಬಂದದ್ದೇ ತಡವಾಗಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಮಾಹಿಮಿನ ಖಾಡಿಯ ಹಿನ್ನೀರಿನ ಹತ್ತಿರ ಗಾಡಿಯ ಮೂತಿಯಿಂದ ಹಬೆ ಏಳತೊಡಗಿತು. ಎಂಜಿನ್ ಆರುವ ತನಕ ಕಾಯಬೇಕು ಎಂಬುದು ಡಾಕ್ಟರಬಾಯಿಗೆ ಗೊತ್ತಿತ್ತು. ಆದರೂ ಅಲ್ಲಿದ್ದ ಮೀನುಗಾರ ಹೆಂಗಸಿನ ಕೊಡದಿಂದ ತಣ್ಣೀರು ಇಸಿದುಕೊಂಡು ಸುರಿದೇಬಿಟ್ಟರು. ಗಾಜಿನ ಲೋಟ ಒಡೆದಂಥ ಸದ್ದು ಬಂತು. ಕಾದ ಕಬ್ಬಿಣ ಸೀಳಿಹೋಗಿತ್ತು.

ನಾವು ಟ್ಯಾಕ್ಸಿ ಹಿಡಿದು ಮಲಾಡು ಮುಟ್ಟಿದೆವು. ನಾನು ಹೊರಗೆ ಆ ಮನೆಯ ಅಜ್ಜಿಯ ಜೊತೆ ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಬರಬೇಕಾಗಿದ್ದ ಅಳು ಬರಲಿಲ್ಲ. ಡಾಕ್ಟರಬಾಯಿ ಹೊರಗೆ ಬಂದು, ಕೈ ತೊಳೆದುಕೊಂಡು, ಅಜ್ಜಿಯ ಪಕ್ಕದಲ್ಲೇ ಕುಳಿತರು. “ತಾಯಿ ಉಳಿದಾಳ,” ಎಂದರು. ಬೇಗ ಬಂದಿದ್ದರೆ ಕೂಸು ಉಳಿಯುತ್ತಿತ್ತೇ? ಯಾರೂ ಹೇಳಲಾರರು. ಅವರು ಮಾತ್ರ ಹೌದೆಂದು ತಮ್ಮೊಳಗೇ ಹೇಳಿಕೊಂಡುಬಿಟ್ಟರು ಎಂದು ನನಗೆ ಅನಿಸಿತು. ಮರಳುವ ದಾರಿಯುದ್ದಕ್ಕೂ ಆ ಬಲಗೈಯನ್ನು ಸೆರಗಿನೊಳಗೆ ಮುಚ್ಚಿ ಇಟ್ಟುಕೊಂಡಿದ್ದರು.

ಹೊಸ ಎಂಜಿನ್ ಆರಿಸಲು ಬೈಕುಲ್ಲಾದ ಒಂದು ವರ್ಕ್‌ಶಾಪಿಗೆ ಹೋದೆವು. ಮೇಸ್ತ್ರಿ ಮಂಗಳೂರಿನ ಕಡೆಯವರು. ಮಾತು ಜಾಸ್ತಿ, ಮನಸ್ಸು ಮೆತ್ತಗೆ. ಮರದ ದಿಮ್ಮಿಗಳ ಮೇಲೆ ಮೂರು ಎಂಜಿನ್ ಕೂರಿಸಿ, ಹುಡುಗಿ ತೋರಿಸುವವರ ಹಾಗೆ ಒರೆಸಿ ಇಟ್ಟಿದ್ದರು.

“ಇದು ನಿಮ್ಮ ಗಾಡಿದೇ ಜಾತಿ, ಡಾಕ್ಟ್ರಮ್ಮ. ಇನ್ನೊಂದು ಗಾಡಿಯಿಂದ ತೆಗೆದದ್ದು. ಆದರೆ ಪ್ರಾಯ ಆಗಿದೆ, ದಮ್ಮು ಕಟ್ಟುತ್ತದೆ. ಇದು ಸಂಸಾರದ ಗಾಡಿಯ ಸಣ್ಣ ಎಂಜಿನ್. ಸಾಧು. ಹಾಕಿದರೆ ಬಿಸಿ ಆಗುವುದಿಲ್ಲ, ಓಡುವುದೂ ಇಲ್ಲ. ಇನ್ನು ಇದು...” ಎಂದು ಮೂರನೆಯದರ ಮೇಲೆ ಕೈಯಿಟ್ಟರು. ಅಮೆರಿಕದ ದೊಡ್ಡ ಗಾಡಿಯೊಂದರದು, ಆರು ಸಿಲಿಂಡರಿನದು. “ಇದು ಆನೆ.”

“ಮಲಾಡಿಗೆ ಯಾವುದು ಎಷ್ಟೊತ್ತಿಗೆ ಮುಟ್ಟತದ, ಅಷ್ಟು ಹೇಳ್ರಿ.”

“ಆನೆಯಾದರೆ ನೀವು ಇಲ್ಲಿ ಹೊರಟದ್ದೇ ಗೊತ್ತು, ಅಲ್ಲಿ ಮುಟ್ಟಿದ್ದೇ ಗೊತ್ತು. ಆದರೆ ಗಾಡಿಯ ಮೂಗು ಭಾರ ಆಗ್ತದೆ ಮಾರಾಯ್ರೇ. ತಿರುಗಿಸಲಿಕ್ಕೆ ಕೈಯಲ್ಲಿ ಬಲ ಬೇಕು. ಬ್ರೇಕು ಸ್ವಲ್ಪ ಮೊದಲೇ ಒತ್ತಬೇಕು.”

ಡಾಕ್ಟರಬಾಯಿ ಮೂರನ್ನೂ ಚಾಲೂ ಮಾಡಿಸಿದರು. ಬಸುರಿಯ ಹೊಟ್ಟೆಯ ಮೇಲೆ ಇಡುವಂತೆಯೇ ಒಂದೊಂದರ ಮೇಲೂ ಅಂಗೈ ಚಪ್ಪಟೆಯಾಗಿಟ್ಟು ಕಣ್ಣು ಮುಚ್ಚಿ ನಿಂತರು. ಗಾಡಿಯದೇ ಜಾತಿಯ ಮುದಿ ಎಂಜಿನ್ನಿನ ಹತ್ತಿರ ತುಸು ಹೆಚ್ಚು ಹೊತ್ತು ನಿಂತಿದ್ದರು. ಅದರ ಸದ್ದು ಅವರ ಯಜಮಾನರ ಕಾಲದ ಸದ್ದು.

“ಇದನ್ನೇ ಹಾಕಿಸಿದರೆ ಗಾಡಿ ಅವರು ಬಿಟ್ಟುಹೋದ ಹಾಗೇ ಇರ್ತದಲ್ಲ?” ಎಂದೆ ನಾನು.

“ಅವರ ನೆನಪಿಗೆ ಗಾಡಿ ಬೇಕಾಗಿಲ್ಲವ್ವಾ ನನಗ. ಹೊತ್ತಿಗೆ ಮುಟ್ಟಲಿಕ್ಕೆ ಬೇಕಾಗೇದ.” ಮೇಸ್ತ್ರಿಯತ್ತ ತಿರುಗಿದರು. “ಆನಿ ಹಾಕ್ರಿ.”

ಮೇಸ್ತ್ರಿ ಗಾಡಿಯ ಎದೆಯನ್ನು ಕೊರೆದು, ಬೆಸೆದು, ಆನೆಯನ್ನು ಒಳಗೆ ತುರುಕಿದರು. ಹಳೆಯ, ಸೀಳಿದ ಎಂಜಿನ್ನನ್ನು ಡಾಕ್ಟರಬಾಯಿ ಗುಜರಿಗೆ ಕೊಡಲಿಲ್ಲ. ಅದು ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಬಂದು ಕುಳಿತಿತು. ನೆನಪಿಗೆ ಬೇಕಾಗಿಲ್ಲ ಎಂದವರು ಹಬ್ಬದ ದಿನ ಅದಕ್ಕೂ ಒಂದು ಹೂ ಇಡುವುದನ್ನು ನಾನು ಕಂಡಿದ್ದೇನೆ.

ಮಲಾಡಿನ ಅದೇ ಸೊಸೆ ಮತ್ತೆ ಬಸುರಿಯಾದಳು. ಈ ಸಲ ಕರೆ ಬಂದದ್ದು ಬೆಳಗಿನ ಹಾಲಿನವನು ಬರುವ ಹೊತ್ತಿಗೆ. ಆನೆ ಓಡಿತು. ಮಾಹಿಮು, ಬಾಂದ್ರಾ, ಅಂಧೇರಿ ಹಿಂದೆ ಸರಿದದ್ದು ನನಗೆ ನೆನಪಿಲ್ಲ, ಕಣ್ಣಿನಿಂದ ನೀರು ಇಳಿಯುತ್ತಿದ್ದದ್ದು ಮಾತ್ರ ನೆನಪಿದೆ. ಕೂಸಿನ ಕೊರಳಿಗೆ ಹೊಕ್ಕಳ ಹುರಿ ಸುತ್ತಿಕೊಂಡಿತ್ತಂತೆ. ಡಾಕ್ಟರಬಾಯಿಯ ಕಂದು ಕೈ ಅದನ್ನು ಬಿಡಿಸಿತು. ಹೊರಗೆ ಕಟ್ಟೆಯ ಮೇಲೆ ಅಜ್ಜಿ ಮತ್ತು ನಾನು ಆ ಅಳು ಕೇಳಿ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡೆವು.

ಹೊರಡುವಾಗ ಅಜ್ಜಿ ತಟ್ಟೆಯಲ್ಲಿ ಖಣದ ಕುಪ್ಪಸದ ಬಟ್ಟೆ, ಅಕ್ಕಿ, ತೆಂಗಿನಕಾಯಿ ಹಿಡಿದುಕೊಂಡು ಬಂದವಳು ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಹೆರಿಗೆ ಮಾಡಿಸಿದವಳ ಉಡಿ ತುಂಬಬೇಕು. ಆದರೆ ಎದುರಿಗಿರುವವರ ಹಣೆ ಬೋಳು. ಗಂಡ ಸತ್ತವಳಿಗೆ ಉಡಿ ತುಂಬುವ ಪದ್ಧತಿಯಿಲ್ಲ. ಅಂಗಳದಲ್ಲಿ ಸೇರಿದ್ದವರೆಲ್ಲ ಅವಳ ಕೈಯ ತಟ್ಟೆಯನ್ನೇ ನೋಡಿದರು. ಅಜ್ಜಿ ಒಂದು ಗಳಿಗೆ ತಲೆ ಕೆಡಿಸಿಕೊಂಡು, ನೇರ ಗಾಡಿಯ ಹತ್ತಿರ ಹೋದಳು.

“ನಿನ್ನ ಉಡಿ ತುಂಬಾಕ ಬರೂದಿಲ್ಲ ಯವ್ವಾ. ಓಡಿ ಬಂದಿದ್ದು ಈ ಗಾಡಿ, ಇದರ ಉಡಿ ತುಂಬ್ತೀನಿ. ಇದಕ್ಕೇನು ಗಂಡ ಸತ್ತಾನೇನು?”

“ಸತ್ತಿದ್ದ ಅಜ್ಜಿ,” ಎಂದರು ಡಾಕ್ಟರಬಾಯಿ. “ಈಗ ಬೈಕುಲ್ಲಾದಾಗ ಎರಡನೇ ಸಂಬಂಧ ಆಗೇದ. ಅಮೆರಿಕದ ವರ.”

“ಹಂಗಾದ್ರ ಮುತ್ತೈದಿನ ಬಿಡು!” ಎಂದು ಅಜ್ಜಿ ನಕ್ಕು, ಗಾಡಿಯ ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಸೀಟಿನ ಮೇಲೆ ಖಣ ಹಾಸಿ ಅಕ್ಕಿ ಕಾಯಿ ಇಟ್ಟಳು. ಅಂಗಳವೆಲ್ಲ ನಕ್ಕಿತು. ಡಾಕ್ಟರಬಾಯಿ ನಗುತ್ತಲೇ ಆ ಖಣವನ್ನು ಗಂಟು ಕಟ್ಟಿ, ಎರಡು ಸೀಟುಗಳ ನಡುವಿನ ಸಂದಿಯಲ್ಲಿ ಇಟ್ಟರು.

ಆ ನಗು ಬಾಂದ್ರಾದವರೆಗೂ ನಮ್ಮ ಜೊತೆಗಿತ್ತು. ಮುಂದಿನದನ್ನು ಬರೆಯಲು ಕೈ ಇಂದಿಗೂ ಹಿಂಜರಿಯುತ್ತದೆ.

ದಾದರಿನಲ್ಲಿ ರೈಲು ಹಳಿಗಳ ಮೇಲೆ ಹಾದುಹೋಗುವ ಸೇತುವೆ ಹತ್ತಿ ಆಚೆ ಇಳಿಯುತ್ತಿದ್ದೆವು. ಇಳಿಜಾರಿನ ಬುಡದಲ್ಲಿ ಟ್ರಾಂ ನಿಲ್ಲುವ ಜಾಗ. ಒಂದು ಶಾಲೆಯ ಚಿಕ್ಕ ಮಕ್ಕಳು, ಒಬ್ಬರ ಅಂಗಿಯ ತುದಿ ಒಬ್ಬರು ಹಿಡಿದುಕೊಂಡು, ಸಾಲಾಗಿ ರಸ್ತೆ ದಾಟುತ್ತಿದ್ದವು. ಡಾಕ್ಟರಬಾಯಿ ಮೇಸ್ತ್ರಿ ಹೇಳಿದಂತೆ ಮೊದಲೇ ಬ್ರೇಕು ಒತ್ತಿದರು. ಅದು ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಒತ್ತಿದರು. ನಾನು ಕೆಳಗೆ ನೋಡಿದೆ. ಖಣದ ಗಂಟು ಬಿಚ್ಚಿಕೊಂಡಿತ್ತು. ಅಕ್ಕಿ ಚೆಲ್ಲಿತ್ತು. ಉರುಳಿಹೋದ ತೆಂಗಿನಕಾಯಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತ್ತು.

ಅವರು ಕಿರುಚಲಿಲ್ಲ. ಕೈಬ್ರೇಕು ಜಗ್ಗಿದರು. ಭಾರದ ಮೂಗು ಅದನ್ನು ಲೆಕ್ಕಿಸದೆ ಇಳಿಯುತ್ತಲೇ ಇತ್ತು. ಮಕ್ಕಳ ಸಾಲಿನ ಕೊನೆ ಇನ್ನೂ ಕಾಣುತ್ತಿರಲಿಲ್ಲ. ಉಳಿದದ್ದು ಸೇತುವೆಯ ಕಲ್ಲುಗೋಡೆ ಮಾತ್ರ. ಎಡಗಡೆಯ ಗೋಡೆ ಕೈಗೆ ಎಟಕುವಷ್ಟು ಹತ್ತಿರವಿತ್ತು, ನಾನು ಕುಳಿತಿದ್ದ ಕಡೆ. ಬಲಗಡೆಯದಕ್ಕೆ ರಸ್ತೆಯನ್ನೇ ಅಡ್ಡ ದಾಟಬೇಕು. ಎದುರಿನಿಂದ ಒಂದು ಕೈಗಾಡಿ ಏರಿ ಬರುತ್ತಿತ್ತು. ಅವರು ಮೈಯೆಲ್ಲ ಹಾಕಿ ಚಕ್ರವನ್ನು ಬಲಕ್ಕೆ ತಿರುಗಿಸಿದರು. ಕೈಗಾಡಿಯ ಮುಂದಿನಿಂದ ನುಸುಳಿ, ಗಾಡಿ ಬಲಗೋಡೆಗೆ ಮೈ ಉಜ್ಜಿಕೊಂಡು, ಕಿಡಿ ಹಾರಿಸಿಕೊಂಡು, ಬಹಳ ದೂರ ಹೋಗಿ ನಿಂತಿತು.

ಮಕ್ಕಳು ತಿರುಗಿ ನೋಡುತ್ತಿದ್ದವು. ಒಂದು ಮಗು ಚಪ್ಪಾಳೆ ತಟ್ಟಿತು.

ನನಗೆ ಒಂದು ಗೀರೂ ಆಗಿರಲಿಲ್ಲ. ಚಕ್ರ ತಿರುಗಿಸುವ ಭರದಲ್ಲಿ ಬಾಗಿಲಿನ ತಗ್ಗಿನಿಂದ ಆಚೆ ಹೋದ ಅವರ ಹೊರಗಿನ ಕೈ ಬಾಗಿಲು ಮತ್ತು ಗೋಡೆಯ ನಡುವೆ ಸಿಕ್ಕಿಕೊಂಡಿತ್ತು.

ಇಂದಿಗೂ ಯಾವ ಇಳಿಜಾರು ಕಂಡರೂ ನನ್ನ ಬಲಗಾಲು ತಾನೇ ನೆಲವನ್ನು ಒತ್ತುತ್ತದೆ. ಬಸ್ಸಿನಲ್ಲಿ ಕುಳಿತಾಗ, ಕೆಲವೊಮ್ಮೆ ಮನೆಯಲ್ಲಿ ಓದುತ್ತಿರುವಾಗಲೂ, ಎಡಗೋಡೆ ಹತ್ತಿರ ಬರುತ್ತದೆ, ಆಮೇಲೆ ದೂರ ಸರಿಯುತ್ತದೆ.

ಆಸ್ಪತ್ರೆಯಲ್ಲಿ ಅವರ ಮುಂಗೈಗೆ ಪ್ಲಾಸ್ಟರು ಹಾಕಿದ್ದರು. ನಾನು ಅಳುತ್ತ ಕುಳಿತಿದ್ದೆ. “ಎಷ್ಟು ಹೊಕ್ಕಳ ಹುರಿ ಕಟ್ಟಿದ ಕೈ ಇದು, ಒಂದೂ ಸಡಲಿದ್ದಿಲ್ಲ,” ಎಂದರು. “ತೆಂಗಿನಕಾಯಿ ಗಂಟು ಸಡಲ ಬಿಟ್ಟೆ ನೋಡು.” ಆಮೇಲೆ ದನಿ ತಗ್ಗಿಸಿದರು. “ಕಾಯಿ ಸುದ್ದಿ ಮಲಾಡಿಗೆ ಹೋಗಬಾರದು. ಆ ಮುದುಕಿ ಎದಿ ಒಡಕೋತಾಳ.”

ಮೇಸ್ತ್ರಿ ಓಡಿಬಂದರು. ಮಂಚದ ಅಂಚು ಹಿಡಿದು ನಿಂತರು. “ನನ್ನ ಎಂಜಿನೇ ನಿಮ್ಮನ್ನು ಕೊಲ್ಲುತ್ತಿತ್ತು ಡಾಕ್ಟ್ರಮ್ಮ. ಈ ಸಪೂರ ಗಾಡಿಗೆ ಆನೆ ಕಟ್ಟಿದೆನಲ್ಲ. ಇನ್ನು ಸ್ಪ್ಯಾನರು ಮುಟ್ಟುವುದಿಲ್ಲ ನಾನು.”

ಡಾಕ್ಟರಬಾಯಿ ನನ್ನ ಮುಖ ನೋಡಿದರು. ನಿಜ ಹೇಳಿದರೆ ಅಜ್ಜಿಗೆ ನೋವು, ಹೇಳದಿದ್ದರೆ ಮೇಸ್ತ್ರಿಯ ಬದುಕು ನಿಲ್ಲುತ್ತಿತ್ತು.

“ನಿಮ್ಮ ಎಂಜಿನ್ನಿಗೆ ಏನೂ ಅನಬ್ಯಾಡ್ರಿ,” ಎಂದರು. “ಅದು ಒಂದು ಕೂಸು ಉಳಿಸೇದ. ನನ್ನ ಕಾಲು ಜಾರ್ತು. ಚಪ್ಪಲ ಹಳೇವು.”

“ದೇವರಾಣೆ?”

“ದೇವರ ಕಡೆ ಯಾಕ ಹೋಗ್ತೀರಿ? ಚಪ್ಪಲ ಅಲ್ಲೇ ಅವ, ನೋಡ್ರಿ.”

ಮೇಸ್ತ್ರಿ ನಿಜಕ್ಕೂ ಮಂಚದ ಕೆಳಗೆ ಬಗ್ಗಿ ಚಪ್ಪಲಿ ಎತ್ತಿ ನೋಡಿದರು. ಸವೆದಿದ್ದವು. ನಿಟ್ಟುಸಿರು ಬಿಟ್ಟು, ಮೂಗು ಒರೆಸಿಕೊಂಡು, ಮರುದಿನವೇ ಹೊಸ ಜೋಡಿ ತಂದುಕೊಟ್ಟರು.

ಕೈ ಕೂಡಿಕೊಂಡಿತು. ಆದರೆ ಎರಡು ಬೆರಳು ಮಡಚದಾದವು, ಮುಂಗೈಯ ಬಲ ಹೋಯಿತು. ಭಾರದ ಮೂಗಿನ ಗಾಡಿಯನ್ನು ತಿರುಗಿಸುವುದು ಇನ್ನು ಸಾಧ್ಯವಿರಲಿಲ್ಲ. ಬೇರೆ ಗಾಡಿ ಕೊಳ್ಳಿರೆಂದು ಎಲ್ಲರೂ ಹೇಳಿದರು. ಅವರು ಮತ್ತೆ ಬೈಕುಲ್ಲಾಕ್ಕೆ ಹೋದರು. ಸಣ್ಣ ಎಂಜಿನ್ ಇನ್ನೂ ಅದೇ ದಿಮ್ಮಿಯ ಮೇಲಿತ್ತು. ಈ ಸಲ ಎಡ ಅಂಗೈ ಅದರ ಮೇಲಿಟ್ಟರು.

“ಇದೇ ಆಗಬೇಕಿತ್ತು ಮೇಸ್ತ್ರಿ. ತಾಯಿ ನಡ ಸಣ್ಣದಿದ್ದಾಗ ಗುಂಡ ಕೂಸು ಬೇಡಬಾರದು ಅಂತ ಊರಿಗೆಲ್ಲ ಹೇಳ್ತೇನಿ, ನನ್ನ ಗಾಡಿ ನಡ ನೋಡಲಿಲ್ಲ.”

“ಆದರೆ ಮಲಾಡಿಗೆ ತಡ ಆಗ್ತದಲ್ಲ ಡಾಕ್ಟ್ರಮ್ಮ?”

ಅವರು ಎಂಜಿನ್ನಿನ ಮೇಲಿಂದ ಕೈ ತೆಗೆದರು. “ಮೊದಲೇ ಹೊರಡತೇನಿ,” ಎಂದರು.

ಹೇಳಿದಂತೆಯೇ ಅವರು ನಡೆದುಕೊಂಡರು. ಅಂದಿನಿಂದ ದಿನ ತುಂಬಿದವರ ಮನೆಗೆ ಕರೆಯುವ ಮುಂಚೆಯೇ ಹೋಗಿ ಕೂಡುತ್ತಿದ್ದರು. ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಅವರೆಕಾಯಿ ಸುಲಿದುಕೊಡುತ್ತ, ಅತ್ತೆಯರ ದೂರು ಕೇಳುತ್ತ, ಮಡಚದ ಬೆರಳುಗಳ ನಡುವೆ ಚಹಾದ ಬಟ್ಟಲು ಹಿಡಿದುಕೊಂಡು ಕಾಯುತ್ತಿದ್ದರು. ಓಡಿ ಬರುವ ಡಾಕ್ಟರಬಾಯಿ ಹೋಗಿ, ಮೊದಲೇ ಬಂದು ಕೂಡುವ ಡಾಕ್ಟರಬಾಯಿ ಆದರು. ಕೂಸುಗಳನ್ನು ಎಡಗೈಯಲ್ಲಿ ಹಿಡಿಯುವುದನ್ನು ಕಲಿತರು. “ಕೂಸಿಗೆ ಎಡ ಬಲ ಗೊತ್ತಿರೂದಿಲ್ಲ” ಎನ್ನುತ್ತಿದ್ದರು.

ಅಜ್ಜಿಯ ಪದ್ಧತಿ ಮಲಾಡಿನಿಂದ ಕಾಂದಿವಲಿ, ಗೋರೆಗಾಂವದ ಮನೆಗಳಿಗೂ ಹಬ್ಬಿತು. ಹೆರಿಗೆಯಾದರೆ ಗಾಡಿಗೆ ಉಡಿ. ಡಾಕ್ಟರಬಾಯಿ ಒಮ್ಮೆಯೂ ಬೇಡವೆನ್ನಲಿಲ್ಲ. ಆದರೆ ಗಾಡಿ ಹೊರಡುವ ಮುಂಚೆ ಕಾಯಿಯನ್ನು ನನ್ನ ಮಡಿಲಿಗೆ ಕೊಡುತ್ತಿದ್ದರು. “ಎರಡೂ ಕೈಲೆ ಹಿಡಿ.” ನಾನು ಹಿಡಿದುಕೊಳ್ಳುತ್ತಿದ್ದೆ.

ಅವರು ಯಾಕೆ ಬಲಕ್ಕೆ ತಿರುಗಿಸಿದರು ಎಂದು ಒಮ್ಮೆ ಕೇಳಿಬಿಟ್ಟೆ. ಮಾಹಿಮಿನ ಖಾಡಿಯ ಗಾಳಿ ಬೀಸುತ್ತಿತ್ತು. “ಕೈಗೆ ಹಂಗ ಬಂತು,” ಎಂದರು. “ಅಂಥಾ ಹೊತ್ತಿನ್ಯಾಗ ಕೈಗೆ ಗೊತ್ತಿರತದ, ನನಗ ಗೊತ್ತಿರೂದಿಲ್ಲ.” ಮತ್ತೆ ಆ ಮಾತು ಎತ್ತಲು ಅವರು ಬಿಡಲಿಲ್ಲ.

ಅವರು ತೀರಿಕೊಂಡಾಗ ನನ್ನ ಕೂದಲೂ ನರೆತಿತ್ತು. ಗಾಡಿ ಎಂದೋ ಹೋಗಿತ್ತು. ಮೆಟ್ಟಿಲ ಕೆಳಗೆ ಸೀಳಿದ ಎಂಜಿನ್ ಮಾತ್ರ ಇತ್ತು. ಚಾಪೆಯ ಮೇಲೆ ಮಲಗಿಸಿದ್ದಾಗ ಮೊದಲ ಬಾರಿಗೆ ಗಮನಿಸಿದೆ. ಅಪಘಾತದ ನಂತರ ಅವರು ಬಲಗೈಯನ್ನು ಬಾಗಿಲಿನ ಹೊರಗೆ ಚಾಚಿಯೇ ಇರಲಿಲ್ಲ. ಎರಡೂ ಕೈ ಒಂದೇ ಬಣ್ಣಕ್ಕೆ ಬಂದಿದ್ದವು.

ಮಲಾಡಿನ ಸೊಸೆ ಬಂದಳು. ಅವಳೀಗ ತಾನೇ ಅತ್ತೆ. ಕೈಯಲ್ಲಿ ಖಣ, ಅಕ್ಕಿ, ತೆಂಗಿನಕಾಯಿ. ಬಾಗಿಲಲ್ಲಿ ನಿಂತು, ಒಳಗೆ ಬರಲಾರದೆ, ನನ್ನ ಕಿವಿಯ ಹತ್ತಿರ ಕೇಳಿದಳು: “ಗಾಡಿ ಎಲ್ಲೈತ್ರಿ ಅಕ್ಕಾರ?”

ಅವಳಿಗೆ ಕಾಯಿಯ ಕಥೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ನಾನು ಅವಳ ಕೈ ಹಿಡಿದು ಒಳಗೆ ಕರೆತಂದೆ. ಮೂಲೆಯಲ್ಲಿ ಯಾರೋ ಹಿರಿಯರು “ಏನವಾ ಇದು, ಹಿಂಗ ಮಾಡೂದಿಲ್ಲ” ಎಂದರು. ಮೇಸ್ತ್ರಿ ಕೋಲೂರಿಕೊಂಡು ಬಂದು ಅಲ್ಲೇ ಕುಳಿತಿದ್ದರು. “ಮಾಡಲಿ ಬಿಡಿ” ಎಂದರು.

ಅವಳು ಡಾಕ್ಟರಬಾಯಿಯ ಮಡಿಲಲ್ಲಿ ಖಣ ಹಾಸಿ, ಅಕ್ಕಿ ಸುರಿದು, ಕಾಯಿ ಇಟ್ಟಳು. ನಾನು ಬಗ್ಗಿ, ಅದು ಉರುಳದಂತೆ, ಸೆರಗನ್ನು ಎರಡೂ ಕಡೆಯಿಂದ ಮಡಚಿ ಭದ್ರಮಾಡಿದೆ.