ಬಚ್ಚಲು ಸೇರಿದ ಏರೋಪ್ಲೇನ್ ಚಿಟ್ಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುಣ್ಣಕಲ್ಲಿನ ಗಣಿಯಲ್ಲಿ ಎಲ್ಲರೂ ‘ಹುಳದಕ್ಕ’ ಎಂದು ಕರೆಯುವ ಐವತ್ತರ ಹೆಂಗಸು ಆಗಲೇ ಕುಕ್ಕರಗಾಲಲ್ಲಿ ಕೂತಿದ್ದಾರೆ. ಚಪ್ಪಡಿಯ ಅಂಚಿಗೆ ಉಳಿಯಿಟ್ಟು ಹಗುರಾಗಿ ಬಡಿಯುತ್ತಾರೆ. ಕಲ್ಲು ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ.

“ಥೂ, ಇದೂ ಬೋಳು!” ಪಕ್ಕಕ್ಕೆ ತಳ್ಳುತ್ತಾರೆ. “ಬಿಸಿಲು ಓರೆಯಾಗಿ ಬಿದ್ರೆ ಮಾತ್ರ ರೆಕ್ಕೆ ಕಾಣೋದು. ನೆತ್ತಿಗೆ ಬಂತೋ, ಬರೀ ಕಲ್ಲು.”

ನೆಲಕ್ಕೆ ಹಾಸುವ ಕಲ್ಲು ಸೀಳುವುದು ಹೊಟ್ಟೆಪಾಡು. ದಿನಕ್ಕೆ ಅರವತ್ತು ಚಪ್ಪಡಿ. ಕೋಟ್ಯಂತರ ವರ್ಷಗಳ ಹಿಂದೆ ಕೆಸರಲ್ಲಿ ಹೂತುಹೋದ ಹುಳಗಳು ಆ ಪದರಗಳ ನಡುವೆ ಅಚ್ಚೊತ್ತಿದಂತೆ ಕೂತಿವೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಸಿಕ್ಕಿದ್ದು ನಾನೂರ ಹನ್ನೊಂದು. ಕಾಲು, ಮೀಸೆ ಮುರಿಯದವು ಮೂವತ್ತು ದಾಟಿಲ್ಲ. ಚಕ್ಕೆ ಬಡಿದು ಎಡಗಣ್ಣು ಮಂಜಾಗಿದೆ. ಗಂಡನ ಗೊಣಗಾಟವಂತೂ ನಿಂತಿಲ್ಲ: “ಮಂಚದ ಕೆಳಗೂ ಕಲ್ಲು, ಮೇಲೂ ಕಲ್ಲು. ನಾನೆಲ್ಲಿ ಮಲಗ್ಲಿ?”

ಕಳೆದ ತಿಂಗಳು ನಾಲ್ಕೂ ರೆಕ್ಕೆ ಬಿಚ್ಚಿದ ಏರೋಪ್ಲೇನ್ ಚಿಟ್ಟೆ ಸಿಕ್ಕಿತು, ಎರಡು ಹೋಳಿನಲ್ಲೂ ಅದರ ಗುರುತು. ಒಂದನ್ನು ಬಟ್ಟೆಯಲ್ಲಿ ಸುತ್ತುವಷ್ಟರಲ್ಲಿ ಮೇಸ್ತ್ರಿ ಇನ್ನೊಂದನ್ನು ಲಾರಿಗೆ ಹಾಕಿಸಿಬಿಟ್ಟಿದ್ದ. ಮೂರು ದಿನ ವಿಚಾರಿಸಿ, ಲಾರಿ ಡ್ರೈವರನನ್ನು ಕಾಡಿಬೇಡಿ ಪತ್ತೆ ಹಚ್ಚಿದರೆ, ಅದು ಯಾರದೋ ಹೊಸ ಮನೆಯ ಬಚ್ಚಲಿನಲ್ಲಿ! ಅಂದು ಮಧ್ಯಾಹ್ನವೇ ಕಲ್ಲು ಉಜ್ಜುವ ಪಾಲಿಶ್ ಯಂತ್ರ ಬರುವುದಿತ್ತು.

ಮನೆಯ ಯಜಮಾನರು ಹಾರಾಡಿದರು. “ಒಂದು ಹುಳಕ್ಕೆ ನನ್ನ ಬಚ್ಚಲು ಅಗೀಬೇಕಾ?”

“ಅಗಿಯೋದು ನಾನೇ, ಮುಚ್ಚೋದೂ ನಾನೇ. ಒಂದು ಗಂಟೆ ನೀವು ಸುಮ್ನಿದ್ರೆ ಸಾಕು ಸ್ವಾಮಿ!”

ಗಾರೆ ಕೆಲಸದವನು ಪುಣ್ಯಕ್ಕೆ ಚಿಟ್ಟೆಯಿದ್ದ ಮಗ್ಗುಲು ಮೇಲಾಗುವಂತೆಯೇ ಕಲ್ಲು ಕೂರಿಸಿದ್ದ. ಅಂಚಿನ ಸಿಮೆಂಟನ್ನು ಚೂರುಚೂರೇ ಕೆರೆದು, ಉಸಿರು ಬಿಗಿಹಿಡಿದು ಎತ್ತಿದರು. ಎಲ್ಲೂ ಬಿರುಕಿಲ್ಲ. ಮನೆಗೆ ತಂದು ಎರಡನ್ನೂ ಜೋಡಿಸಿದಾಗ ಗೊಣಗುವ ಗಂಡನೇ ದೀಪ ಹತ್ತಿರ ಹಿಡಿದು ನೋಡಿದರಂತೆ.

ಅವರೇ ಒಯ್ದು ಕೊಟ್ಟ ಮೇಲೆ ಈಗ ಅದು ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿದೆ. ಕೆಳಗಿನ ಚೀಟಿಯಲ್ಲಿ ಕಲ್ಲಿನ ವಯಸ್ಸಿದೆ, ತಂದುಕೊಟ್ಟವರ ಸುದ್ದಿಯಿಲ್ಲ. ಬೇಜಾರಾಯಿತೇ ಎಂದರೆ ಹುಳದಕ್ಕ ಹಣೆ ಚಚ್ಚಿಕೊಳ್ಳುತ್ತಾರೆ.

“ನನ್ನ ಹೆಸರು ಹಾಕ್ದಿದ್ರೆ ಕತ್ತೆ ಬಾಲ. ಆದ್ರೆ ಓದ್ಕೊಂಡೋರು, ತಲೆ ಯಾವುದು ಬಾಲ ಯಾವುದು ಅಂತಾದ್ರೂ ನೋಡ್ಬಾರ್ದಾ? ತಲೆಕೆಳಗಾಗಿ ಇಟ್ಟಿದ್ದಾರೆ! ಯಾರಾದ್ರೂ ಹೇಳಿ ತಿರುಗಿಸಿ ಇಡ್ಸಿ, ನನಗಷ್ಟೇ ಸಾಕು.”