ಟಿವಿಯ ನೆತ್ತಿ, ಗುಂಡಕಲ್ಲಿನ ಟೊಪ್ಪಿಗೆ

ಈಗಿನ ಟಿವಿಗೆ ನೆತ್ತಿ ಇಲ್ಲ ಎಂಬ ಸಂಗತಿಯನ್ನು ನೀವು ಗಮನಿಸಿದ್ದೀರೋ ಇಲ್ಲವೋ ಕಾಣೆ. ಮುಖವೇನೋ ಗೋಡೆಯ ಅರ್ಧದಷ್ಟು ಅಗಲವಾಗಿದೆ, ಬೆನ್ನು ಗೋಡೆಯ ಪಾಲಾಗಿದೆ, ಆದರೆ ತಲೆಯ ಮೇಲೆ ಒಂದು ಕರವಸ್ತ್ರ ಇಡೋಣವೆಂದರೂ ಜಾಗವಿಲ್ಲ. ಇದರಿಂದ ಲೋಕಕ್ಕೆ ನಷ್ಟವೇನೂ ಆಗಿರಲಿಕ್ಕಿಲ್ಲ. ಶಹಾಬಾದಿನ ನಮ್ಮ ಮನೆಯಲ್ಲಿ ಮಾತ್ರ, ಹಳೆಯ ಡಬ್ಬದಂಥ ಟಿವಿಯ ಮೇಲೆ ವರ್ಷಾನುಗಟ್ಟಲೆ ಸಿಂಹಾಸನಾರೂಢವಾಗಿದ್ದ ಒಂದು ಬಿಳಿಯ ಹೆಣಿಗೆಯ ವಸ್ತ್ರ ನಿರುದ್ಯೋಗಿಯಾಗಿ ಟ್ರಂಕು ಸೇರಿದೆ.

ಅದನ್ನು ಹೆಣೆದವಳು ನನ್ನ ಹೆಂಡತಿ ಮಹಾದೇವಿ. ತುದಿಯಲ್ಲಿ ಸಣ್ಣ ಕೊಕ್ಕೆಯಿರುವ ಉಕ್ಕಿನ ಕಡ್ಡಿ ಒಂದು, ದಾರದ ಉಂಡೆ ಒಂದು. ಇವೆರಡರಿಂದ ಗಂಟಿನೊಳಗೆ ಗಂಟು ಎಳೆಯುತ್ತ ಹೋಗುವ ಈ ವಿದ್ಯೆಗೆ ನಮ್ಮ ಕಡೆ ಕ್ರೋಶಾ ಅನ್ನುತ್ತಾರೆ. ಚಿಂಚೋಳಿ ಕಡೆಯ ಐನಾಪುರದಿಂದ ಮದುವೆಯಾಗಿ ಬಂದಾಗ ಅವಳಿಗೆ ಇದು ಗೊತ್ತಿರಲಿಲ್ಲ. ಆಗ ನಾವು ವಾಡಿಯಲ್ಲಿ, ರೈಲು ಹಳಿಯ ಹತ್ತಿರ ಬಾಡಿಗೆಯ ಒಂದೇ ಕೋಣೆಯಲ್ಲಿದ್ದೆವು. ಪಕ್ಕದ ಮನೆಯ ತೆಲುಗು ಅಕ್ಕ ಒಬ್ಬಾಕೆ, ಗಾಡಿ ಹೋಗುವ ಸದ್ದಿನಲ್ಲಿ ಮಾತು ಕೇಳಿಸದಿದ್ದರೆ ಬೆರಳಿನಿಂದಲೇ ತೋರಿಸಿ, ಇವಳಿಗೆ ಕಲಿಸಿದಳು.

ಕಲಿತದ್ದಕ್ಕೆ ಕಾರಣ ನಾನೇ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ನಾನು ಫರ್ಸಿ, ಅಂದರೆ ನೆಲಗಲ್ಲು ಹಾಸುವ ಮೇಸ್ತ್ರಿ. ಶಾಲೆಯನ್ನು ಮೀಸೆ ಚಿಗುರುವ ಮೊದಲೇ ಬಿಟ್ಟು ಕಲ್ಲಿಗೆ ಕೈ ಹಚ್ಚಿದವನು. ಸೇಡಂ, ಚಿತ್ತಾಪುರ, ಕುರಕುಂಟಾ ಎಂದು ತಿರುಗಿ ನಾನು ಹಾಸಿದ ನೆಲದ ಮೇಲೆ ಎಷ್ಟೋ ಮದುವೆಯ ಊಟದ ಪಂಕ್ತಿಗಳು ಕೂತೆದ್ದಿವೆ. ಸಂಜೆ ಮನೆಗೆ ಬಂದಾಗ ನನ್ನ ಜೊತೆ ಕಲ್ಲಿನ ಪುಡಿಯೂ ಬರುತ್ತಿತ್ತು. ಅಂಗಿ ಕೊಡವಿದರೆ ಮನೆಯೆಲ್ಲ ಬೆಳ್ಳಗೆ. ಆ ಧೂಳಿನ ವಿರುದ್ಧ ಮಹಾದೇವಿ ಹೂಡಿದ ಯುದ್ಧವೇ ಕ್ರೋಶಾ. ಮೊದಲು ನೀರಿನ ಗಡಿಗೆಗೆ ಮುಚ್ಚಳ ಬಂತು. ಆಮೇಲೆ ರೇಡಿಯೋಕ್ಕೆ ಹೊದಿಕೆ, ರೊಟ್ಟಿ ಬುಟ್ಟಿಗೆ ಸೆರಗು, ಬಾಗಿಲಿಗೆ ತೋರಣ, ಮಿಕ್ಸಿಗೆ ಜುಬ್ಬಾ. ಮನೆಯಲ್ಲಿ ನಿಂತ ವಸ್ತುವೆಲ್ಲ ಬಟ್ಟೆ ತೊಟ್ಟುಕೊಂಡಿತು.

“ನಾ ಒಂದ್ ಗಳಿಗಿ ಅಲುಗಾಡದಂಗ ಕುಂತ್ರ ನನಗೂ ಒಂದು ಹಾಕಿಬಿಡ್ತಿ ನೋಡು” ಎಂದು ನಾನು ಅಂದರೆ, “ನೀವು ಕುಂತಿದ್ದು ಯಾವಾಗರಿ?” ಎನ್ನುತ್ತಿದ್ದಳು. ಅದೂ ನಿಜವೇ.

ಈ ವಿದ್ಯೆಯ ಶಿಖರವೆಂದರೆ ಕೂಸಿನ ಟೊಪ್ಪಿಗೆ. ನಮ್ಮ ಮಗಳು ಸುಜಾತಾ, ನನ್ನ ತಮ್ಮಂದಿರ ಮಕ್ಕಳು, ಓಣಿಯ ಅರ್ಧ ಸಂತಾನ, ಎಲ್ಲ ತೊಟ್ಟಿಲೇರಿದ್ದು ಇವಳು ಹೆಣೆದ ಟೊಪ್ಪಿಗೆ ತೊಟ್ಟೇ. ಅಂಗಡಿಯ ಟೊಪ್ಪಿಗೆ ತೊಟ್ಟ ಕೂಸು ನಮ್ಮ ಮನೆಯ ತೊಟ್ಟಿಲಲ್ಲಿ ಮಲಗಿದ್ದಿಲ್ಲ. ಆದರೆ ಈಚೆಗೆ ಮಹಾದೇವಿಯ ಬೆರಳ ಕೀಲುಗಳು ಬಾತುಕೊಂಡು, ಸಣ್ಣ ಕಡ್ಡಿ ಕೈಯಲ್ಲಿ ನಿಲ್ಲದಂತಾಯಿತು. ಅದೇ ಹೊತ್ತಿಗೆ ಸೇಡಂಗೆ ಕೊಟ್ಟ ಸುಜಾತಾ ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು. ತೊಟ್ಟಿಲ ಕಾರ್ಯಕ್ಕೆ ದಿನವೂ ಗೊತ್ತಾಯಿತು.

“ಬಜಾರದಾಗ ಭಾಳ ಛಂದ ಛಂದ ಟೊಪಗಿ ಬಂದಾವಂತ, ಒಂದು ತರಸೋಣ ತಗೋ” ಎಂದು ಮಗಳಿಗೆ ಮಹಾದೇವಿ ಹೇಳಿದ ರೀತಿ, ಬಟ್ಟೆ ಒಗೆಯುವ ಸಬಕಾರ ತರಿಸುವಷ್ಟೇ ಹಗುರಾಗಿತ್ತು. ಆಮೇಲೆ ಎದ್ದು, ದಾರ ಕಡ್ಡಿ ಇಡುವ ಬಿಸ್ಕೀಟಿನ ಡಬ್ಬಿಯನ್ನು ಒರೆಸಿ, ಸ್ಟೂಲ್ ಹತ್ತಿ ಅಟ್ಟದ ಮೇಲೆ ಹಿಂದಕ್ಕೆ ಸರಿಸಿಟ್ಟಳು. ಕೈಗೆ ಸಿಗುವ ಗೂಡಿನಿಂದ ಕೈಗೆ ಸಿಗದ ಅಟ್ಟಕ್ಕೆ.

ನಾನು ಅದೇ ಸ್ಟೂಲ್ ಹತ್ತಿ ಡಬ್ಬಿ ಇಳಿಸಿದೆ. ನಾನೇ ಹೆಣೆಯುತ್ತೇನೆ ಎಂದೆ. ಮನೆಮನೆಗೆ ನೆಲ ಹಾಸಿದವನಿಗೆ ಒಂದು ಹಿಡಿ ದಾರ ಯಾವ ಲೆಕ್ಕ? ಅದೂ ಅಲ್ಲದೆ, ಮೊದಲು ಹಾಕುವುದಕ್ಕೆ ಸರಪಳಿ ಎನ್ನುತ್ತಾರೆ, ಅದರ ಮೇಲೆ ಎಬ್ಬಿಸುವುದಕ್ಕೆ ಕಂಬ ಎನ್ನುತ್ತಾರೆ. ಇದೆಲ್ಲ ನಮ್ಮ ಗೌಂಡಿ ಕೆಲಸದ ಬಳಗವೇ ಅಲ್ಲವೆ ಎಂಬ ಧೈರ್ಯ. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಮಹಾದೇವಿ ಮಾತ್ರ ನಗದೆ, ಕೈ ಪಳಗಲಿ ಎಂದು ಮೊದಲು ನೀರಿನ ಲೋಟದ ಕೆಳಗಿಡುವ ಒಂದು ದುಂಡನೆಯ ಆಸನ ಹಾಕಲು ಹೇಳಿಕೊಟ್ಟಳು. ಹೊಸಬರಿಗೆ ಅದಕ್ಕಿಂತ ಸುಲಭದ್ದು ಇಲ್ಲವಂತೆ.

ಆ ಸುಲಭದ್ದು ನನ್ನ ಕೈಯಲ್ಲಿ ನೆಲಕ್ಕೆ ಮಲಗಲೇ ಇಲ್ಲ. ಸುತ್ತು ಹೆಚ್ಚಿದಂತೆಲ್ಲ ಅಂಚು ಮೇಲೆದ್ದು, ಕಡೆಗೆ ಬಟ್ಟಲಾಗಿ ಕೂತಿತು. ಚಹಾಕ್ಕೆ ಬಂದ ಪಕ್ಕದ ಮನೆಯ ಖಾಜಾಸಾಬ ಅದನ್ನು ಎತ್ತಿ ಬೆಳಕಿಗೆ ಹಿಡಿದು, “ಮೇಸ್ತ್ರಿ, ಶೇಂಗಾ ಹಾಕ್ಕೊಂಡು ತಿನ್ಲಿಕ್ಕಿ ಭೇಷ್ ಅದ ನೋಡ್ರಿ” ಎಂದ. ಬಡಿದರೆ ಸದ್ದು ಬರುತ್ತದೇನೋ ಎಂದು ಬೆರಳಿನಿಂದ ತಟ್ಟಿಯೂ ನೋಡಿದ.

ರೋಗ ಎಲ್ಲಿದೆ ಎಂದು ಮಹಾದೇವಿ ಕಂಡುಹಿಡಿದಳು. “ನೀವು ಫರ್ಸಿ ಹಾಸಾಕತ್ತೀರಿ. ಸಂದು ಕಾಣಬಾರದಂತ ಜಗ್ಗಿ ಜಗ್ಗಿ ಬಿಗೀತೀರಿ. ದಾರಕ್ಕ ಸಂದು ಬೇಕ್ರಿ, ಉಸಿರಾಡ್ಲಿ ಅದು. ಸುತ್ತು ಬೆಳದಂಗ ಅಲ್ಲಲ್ಲಿ ಒಂದು ಕಂಬ ಜಾಸ್ತಿ ಕೊಡ್ರಿ, ಇಲ್ಲಂದ್ರ ಮುದುಡತದ.”

ಜೀವಮಾನವೆಲ್ಲ ಕೂದಲೆಳೆಯಷ್ಟೂ ಸಂದು ಬಿಡದ್ದಕ್ಕೆ ಶಹಬ್ಬಾಸ್‌ಗಿರಿ ಪಡೆದವನಿಗೆ ಸಂದು ಬಿಡು ಎಂದರೆ ಕೈ ಕೇಳಬೇಕಲ್ಲ. ಬಟ್ಟಲೇ ಆಗುವುದಾದರೆ ಆಗಲಿ, ಟೊಪ್ಪಿಗೆ ಎಂದರೆ ಬೋರಲು ಹಾಕಿದ ಬಟ್ಟಲೇ ತಾನೆ ಎಂದುಕೊಂಡು ನೇರ ಟೊಪ್ಪಿಗೆಗೇ ಕೈ ಹಾಕಿದೆ. ಗುಲಾಬಿ ದಾರ, ಹೆಣೆದೆ, ಮುಗಿಸಿದೆ. ಒಂದು ಕಂಬವೂ ಆಚೀಚೆ ಇಲ್ಲ, ತೂಗುಗುಂಡಿನ ಒಳಂಬ ಹಿಡಿದು ಕಟ್ಟಿದ ಗೋಡೆಯಂತಿತ್ತು. ಕೂಸಿನ ತಲೆಗೆ ಏರಿಸಿದರೆ ಕೂಸು ಓಣಿ ಕೇಳುವಂತೆ ಅತ್ತಿತು. ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ. ಆ ಗೆರೆ ನೋಡಿ ನನ್ನ ಹೆಮ್ಮೆಯೆಲ್ಲ ಕಾಲ ಕೆಳಗಿನ ಫರ್ಸಿಗಿಂತ ತಣ್ಣಗಾಯಿತು.

ಮಹಾದೇವಿ ಟೊಪ್ಪಿಗೆ ಇಸಿದುಕೊಂಡು, ಅಂಚನ್ನಾದರೂ ಸಡಿಲಿಸೋಣವೆಂದು ಕಡ್ಡಿ ಹಿಡಿದಳು. ಕಡ್ಡಿ ಅವಳ ಬೆರಳಿನಿಂದ ಜಾರಿ ಫರ್ಸಿಯ ಮೇಲೆ ಟಿಣ್ ಎಂದು ಬಿತ್ತು. ಎತ್ತಿಕೊಟ್ಟೆ. ಮತ್ತೆ ಟಿಣ್. ಅವಳು ಮುಖ ಆಚೆ ತಿರುಗಿಸಿಕೊಂಡಳು.

ಆ ಸದ್ದು ನನಗೆ ಹೊಸದಲ್ಲ, ಓದುಗ ಮಹಾಶಯರೆ. ಚಳಿಗಾಲದ ಬೆಳಗು, ಮರಗಟ್ಟಿದ ಕೈಯಿಂದ ಉಳಿ ಜಾರಿ ಕಲ್ಲಿನ ಮೇಲೆ ಬೀಳುವುದು ಹೀಗೆಯೇ. ಆಗ ನಾವು ಕೈಯನ್ನು ಬೈಯುವುದಿಲ್ಲ. ಹಳೆಯ ಸೈಕಲ್ ಟ್ಯೂಬು ಸೀಳಿ ಉಳಿಗೆ ದಪ್ಪಗೆ ಸುತ್ತುತ್ತೇವೆ, ಹಿಡಿತ ಬರುತ್ತದೆ. ನನ್ನ ಕೆಲಸದ ಚೀಲದಲ್ಲಿ ಟ್ಯೂಬಿನ ಪಟ್ಟಿ ಯಾವಾಗಲೂ ಇರುತ್ತದೆ. ಇಷ್ಟು ದಿನ ಅವಳ ಕೆಲಸವನ್ನೇ ಕಸಿದು ಮಾಡಹೊರಟ ಈ ಶೂರನಿಗೆ, ಅವಳಿಗೆ ಬೇಕಾದದ್ದು ಒಂದು ಹಿಡಿಕೆ ಮಾತ್ರ ಎಂದು ಹೊಳೆಯಲು ಎರಡು ಸಲ ಟಿಣ್ ಎನ್ನಬೇಕಾಯಿತು.

ಕಡ್ಡಿಯ ಹಿಂಭಾಗಕ್ಕೆ ಟ್ಯೂಬು ಸುತ್ತಿ ಬಿಗಿದು ಕೊಟ್ಟೆ. ಬಿಗಿಯುವ ನನ್ನ ಕೆಟ್ಟ ಚಾಳಿ ಅಲ್ಲೊಂದು ಕಡೆ ಉಪಯೋಗಕ್ಕೆ ಬಂತು. ಮಹಾದೇವಿ ಅದನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದೇನ್ರಿ, ಕ್ರೋಶಾ ಕಡ್ಡೀನೋ ನೀವು ಗಾರಿ ಬಳಿಯೋ ಕರಣೀನೋ?” ಎಂದಳು. ಆದರೆ ಕಡ್ಡಿ ಬೀಳಲಿಲ್ಲ. ಹೊಸದೊಂದು ಟೊಪ್ಪಿಗೆ ಶುರುವಾಯಿತು: ಮಧ್ಯಾಹ್ನ ಕೂಸು ಮಲಗಿದಾಗ ಒಂದಿಷ್ಟು, ನೋವು ಎದ್ದರೆ ಬಿಟ್ಟು, ನಾಳೆ ಮತ್ತೊಂದಿಷ್ಟು. ನಾನು ಎದುರು ಕೂತು ಉಂಡೆಯಿಂದ ದಾರ ಬಿಡುತ್ತಿದ್ದೆ. “ಸಡಿಲ್ ಬಿಡ್ರೀ” ಎಂದು ಬೈಸಿಕೊಳ್ಳುತ್ತಿದ್ದೆ.

ತೊಟ್ಟಿಲ ಕಾರ್ಯದ ದಿನ ಬಂತು. ನಮ್ಮಲ್ಲಿ ಕೂಸಿಗಿಂತ ಮೊದಲು ತೊಟ್ಟಿಲೇರುವವನು ಒಳ್ಳಿನ, ಅಂದರೆ ಚಟ್ನಿ ಅರೆಯುವ ಒರಳಿನ ಗುಂಡಕಲ್ಲು. ಅದನ್ನು ತೊಳೆದು, ಕುಂಕುಮ ಹಚ್ಚಿ, ಕೂಸಿನಂತೆ ಸಿಂಗರಿಸಿ, ಗುಂಡಪ್ಪಾ ಎಂದು ಕರೆದು ಹೆಂಗಸರು ಕೈಯಿಂದ ಕೈಗೆ ದಾಟಿಸುತ್ತಾರೆ; ಕೂಸೂ ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಗುಂಡಪ್ಪನಿಗೆ ತಲೆಗೇನು ಹಾಕುವುದು ಎಂದು ಯಾರೋ ಕೇಳಿದರು. ಮಹಾದೇವಿ ಒಳಹೋಗಿ ನನ್ನ ಟೊಪ್ಪಿಗೆ ತಂದಳು. ಏರಿಸಿದರೆ, ಅಳತೆ ತೆಗೆದು ಹೊಲಿಸಿದಂತೆ ಕೂತಿತು! ಓಣಿಯ ಗೌರಮ್ಮಾಯಿ, “ನೋಡ್ರೆವ್ವಾ, ಕಲ್ಲಿನ ಮೇಸ್ತ್ರಿ ಕಲ್ಲಿನ ತಲಿ ಅಳತಿನೇ ತಗೊಂಡಾನ!” ಎಂದಳು. ಹೆಂಗಸರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ, ಬಹಳ ದಿನಗಳ ಮೇಲೆ, ಮಹಾದೇವಿ ನಕ್ಕಳು. ಆಮೇಲೆ ತೊಟ್ಟಿಲೇರಿದ ಮೊಮ್ಮಗಳ ತಲೆಯ ಮೇಲೆ ಇನ್ನೊಂದು ಟೊಪ್ಪಿಗೆ ಇತ್ತು. ಅಲ್ಲಲ್ಲಿ ಸಾಲು ಡೊಂಕು, ಒಂದೆಡೆ ಸಡಿಲು ಹೆಚ್ಚು. ಕೂಸು ಅಳಲಿಲ್ಲ, ಮಲಗಿತು.

ಬಿಸ್ಕೀಟಿನ ಡಬ್ಬಿ ಈಗ ಹಳೆಯ ಗೂಡಿಗೇ ಮರಳಿದೆ. ಟ್ರಂಕಿನ ಬಿಳಿಯ ವಸ್ತ್ರಕ್ಕೂ ನೌಕರಿ ಸಿಕ್ಕಿತು: ಟಿವಿಯ ಕೆಳಗಿನ ಸಣ್ಣ ಮೇಜಿನ ಮೇಲೆ ಅದನ್ನು ಹಾಸಿದ್ದಾರೆ, ಅದರ ಮೇಲೆ ಗುಲಾಬಿ ಟೊಪ್ಪಿಗೆ ತೊಟ್ಟ ಗುಂಡಪ್ಪ ಕೂತಿದ್ದಾನೆ. ಚಟ್ನಿ ಅರೆಯುವಾಗ ಮಾತ್ರ ಟೊಪ್ಪಿಗೆ ತೆಗೆದು ಒಳಗೆ ಒಯ್ಯುತ್ತಾರೆ.

ಮೊನ್ನೆ ಕೆಲಸವಿರಲಿಲ್ಲ. ಮಧ್ಯಾಹ್ನ ಗೋಡೆಗೊರಗಿ, ನೆತ್ತಿಯಿಲ್ಲದ ಆ ಟಿವಿಯನ್ನು ನೋಡುತ್ತ ಒಂದು ಗಳಿಗೆ ಅಲುಗಾಡದೆ ಕೂತಿದ್ದೆ. ಹಿಂದಿನಿಂದ ಬಂದ ಮಹಾದೇವಿ ದಾರದ ತುದಿಯನ್ನು ನನ್ನ ತಲೆಯ ಸುತ್ತ ಹಾಕಿ ಅಳತೆ ತೆಗೆದುಕೊಂಡಳು. ನಾನು ಉಸಿರು ಬಿಗಿಹಿಡಿದೆ.

“ಸಡಿಲ್ ಬಿಡ್ರೀ” ಎಂದಳು.